ಈರುಳ್ಳಿಯೊಳಗಿನ ಊರು

ಒಂದು ಈರುಳ್ಳಿ ಇತ್ತಂತೆ, ಅದರೊಳಗೊಂದು ಊರಿತ್ತಂತೆ. ಊರಿನ ತುಂಬ ಕೂದಲಿಗಿಂತ ಸಣ್ಣ ದಾರಗಳು. ದಾರ ಹಿಡಿದು ಪುಟ್ಟ ಪುಟ್ಟ ಮೂಟೆಗಳು ಓಡುತ್ತಿದ್ದವಂತೆ. ಮೂಟೆ ಇಳಿದಲ್ಲೆಲ್ಲ ಗೋಡೆ ಬೆಳೆಯುತ್ತಿತ್ತಂತೆ.

ಟೀಚರ್ ಹೇಳಿದ ಈ ಕತೆಯನ್ನು ನೊಜಿಮಾ ಮನೆಯಲ್ಲಿ ಹೇಳಿದಾಗ ಅಜ್ಜಿ ನಕ್ಕುಬಿಟ್ಟಿದ್ದರು.

"ಕತೆ ಹೇಳೋಳು ನಾನು. ನನಗೇ ಕತೆ ಕಟ್ತೀಯೇನೇ?"

"ಸ್ಕೂಲಿಗೆ ಬನ್ನಿ ಅಜ್ಜಿ, ಮೂಟೆ ಓಡೋದನ್ನ ತೋರಿಸ್ತೀನಿ. ಪ್ರಾಮಿಸ್!"

ಇವತ್ತು ಮಾರ್ಗಿಲಾನ್ ಪಟ್ಟಣದ ಶಾಲೆಗೆ ಅಜ್ಜಿ ಬಂದೇಬಿಟ್ಟಿದ್ದಾರೆ. ಆದರೆ ನೊಜಿಮಾಳ ಮೈಕ್ರೋಸ್ಕೋಪಿನಲ್ಲಿ ಏನೂ ಓಡುತ್ತಿಲ್ಲ. ಊರಿನೊಳಗಿನದೆಲ್ಲ ಗೋಡೆ ಬಿಟ್ಟು ಮುದುಡಿಕೊಂಡಿದೆ.

"ಅಜ್ಜಿ, ಇಲ್ಲಿ ಬನ್ನಿ! ನನ್ನದ್ರಲ್ಲಿ ಓಡ್ತಿದೆ!" ಪಕ್ಕದ ಟೇಬಲಿನಿಂದ ಹುಲ್ಕರ್ ಕೂಗಿದಳು.

ನೊಜಿಮಾಳಿಗೆ ಹೊಟ್ಟೆ ಉರಿಯಿತು. ಓಟದಲ್ಲೂ ಇವಳೇ ಫಸ್ಟ್, ಡ್ರಾಯಿಂಗಲ್ಲೂ ಇವಳೇ. ಈಗ ನನ್ನ ಅಜ್ಜಿಯೂ ಬೇಕಾ?

ಅಜ್ಜಿ ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ನೊಜಿಮಾ ಯಾರಿಗೂ ಕಾಣದಂತೆ ಹುಲ್ಕರಳ ಮೈಕ್ರೋಸ್ಕೋಪಿನ ತಿರುಪನ್ನು ಸರಕ್ಕನೆ ತಿರುಗಿಸಿಬಿಟ್ಟಳು.

"ಬರೀ ಮಂಜು ಕಣಮ್ಮ," ಅಂದರು ಅಜ್ಜಿ.

"ಅಯ್ಯೋ, ಈಗ ತಾನೆ ಕಾಣ್ತಿತ್ತು!" ಹುಲ್ಕರಳ ಮುಖ ಸಣ್ಣಗಾಯಿತು. ನೊಜಿಮಾಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಹುಲ್ಕರ್ ಬಂದು ನೊಜಿಮಾಳ ಮೈಕ್ರೋಸ್ಕೋಪಿನಲ್ಲಿ ಇಣುಕಿದಳು. "ನಿನ್ನ ಊರು ಬಾಡಿಹೋಗಿದೆಯಲ್ಲೇ! ಎಲ್ಲಿಯ ಈರುಳ್ಳಿ?"

"ಸಲಾಡ್ ಬಟ್ಟಲಿಂದ ತಂದೆ."

"ಅಯ್ಯೋ ಪೆದ್ದೀ! ಉಪ್ಪು ಹಾಕಿದ್ರಾ?"

"ಹಾಕಿ ತಿಕ್ಕಿದ್ದು ನಾನೇ, ಖಾರ ಹೋಗ್ಲಿ ಅಂತ," ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದರು. "ಊರಿಗೆ ಊರನ್ನೇ ಉಪ್ಪಿನಕಾಯಿ ಮಾಡಿಬಿಟ್ಟೆನಲ್ಲೇ!"

ಹುಲ್ಕರ್ ತನ್ನ ಈರುಳ್ಳಿಯಲ್ಲಿ ಅರ್ಧ ಮುರಿದು ಚಾಚಿದಳು. "ತಗೊ, ಉಪ್ಪು ಮುಟ್ಟಿಲ್ಲ."

ನೊಜಿಮಾಳ ಕೈ ಮುಂದೆ ಬರಲಿಲ್ಲ. ಅವಳು ಮೊದಲು ಹುಲ್ಕರಳ ಟೇಬಲಿಗೆ ಹೋದಳು. ಮಂಜು ಕರಗುವವರೆಗೆ ತಿರುಪನ್ನು ಮೆಲ್ಲಗೆ ತಿರುಗಿಸಿದಳು.

"ನಾನೇ ಕೆಡಿಸಿದ್ದು," ಅಂದಳು, ತಲೆ ಎತ್ತದೆ.

"ಹೊಟ್ಟೆಕಿಚ್ಚಿನ ಬುಡ್ಡಿ!" ಹುಲ್ಕರ್ ಕಣ್ಣು ಕೆಕ್ಕರಿಸಿದಳು. ಆದರೆ ಈರುಳ್ಳಿ ಹಿಡಿದ ಕೈ ಚಾಚಿಯೇ ಇತ್ತು.

ನೊಜಿಮಾ ಅದನ್ನು ತೆಗೆದುಕೊಂಡು ತೆಳು ಪೊರೆ ಸುಲಿದಳು. ಗಾಜಿನ ಮೇಲಿಟ್ಟು ಒಂದು ಹನಿ ನೀರು ಬಿಟ್ಟಳು. ಅಜ್ಜಿ ಒಂದು ಕಣ್ಣು ಮುಚ್ಚಿ ಬಗ್ಗಿದರು.

"ಓಡ್ತಿವೆ ಕಣೇ..." ಅಜ್ಜಿಯ ದನಿ ಪಿಸುಮಾತಾಗಿತ್ತು. "ಮೂಟೆಗಳು! ನಿನ್ನ ಊರು ಎಷ್ಟು ಚೆಂದ ಇದೆ!"

"ಹುಲ್ಕರಳ ಊರು ಅಜ್ಜಿ," ಅಂದಳು ನೊಜಿಮಾ. "ನಾನು ನೀರು ಹಾಕಿದೆ, ಅಷ್ಟೆ."