ಪಾಸ್‌ವರ್ಡ್ ಸುನಿಲ

'ಕಡ್ಲೆಕಾಯಿ ಕಟ್ಟೆ' ಎಂಬ ಬ್ಲಾಗನ್ನು ಕಟ್ಟಿಕೊಟ್ಟವನೇ ಮಧುಗಿರಿಯ ಸುನಿಲ್‌ಕುಮಾರ್. ಆದರೂ ಅಲ್ಲಿ ಬರೆಯುವ ಮೂವತ್ತು ಜನರಲ್ಲಿ ಒಬ್ಬರೂ ಅವನನ್ನು ಕತೆಗಾರ ಎಂದು ಬಾಯ್ತಪ್ಪಿಯೂ ಕರೆದಿರಲಿಲ್ಲ. ಎಲ್ಲರಿಗೂ ಅವನು ಪಾಸ್‌ವರ್ಡ್ ಸುನಿಲ. ವರ್ಷದ ಕತೆಯ ಸ್ಪರ್ಧೆಯಲ್ಲಿ ಮೂರು ವರ್ಷದಿಂದ ಅವನಿಗೆ ಬೀಳುತ್ತಿದ್ದುದು ಒಂದೇ ಮತ, ಅದೂ ಅವನದೇ. "ನಿನ್ನ ಕತೇಲಿ ಎಲ್ಲಾ ಐತೆ ಕಣಯ್ಯ, ಉಪ್ಪೊಂದಿಲ್ಲ," ಎಂದು ಸಂಪಾದಕ ಮರುಳಸಿದ್ದಯ್ಯ ಮೇಷ್ಟ್ರು ತುಂಬಿದ ಸಭೆಯಲ್ಲೇ ಅಂದುಬಿಟ್ಟಿದ್ದರು. ಎಲ್ಲರೂ ನಕ್ಕಿದ್ದರು. ಪ್ರತಿ ಸಲ ಗೆಲ್ಲುವ ಶಿರಾದ ಅತಿಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಈ ಸಲ ಅವನ 'ಶೂನ್ಯದ ಶಿಖರ' ಗೆಲ್ಲಲೇಬೇಕಿತ್ತು. ಗೆದ್ದರೆ ಕತೆಗಾರ, ಸೋತರೆ ಸಾಯುವವರೆಗೂ ಪಾಸ್‌ವರ್ಡು.

ಗುರುವಾರ ಮೇಷ್ಟ್ರ ಫೋನು ಬಂತು. "ಸುನಿಲ, ಅದೇನೋ ಅಪ್‌ಡೇಟ್ ಮಾಡ್ಲಾ ಅಂತು, ಒತ್ಬುಟ್ಟೆ ಕಣಪ್ಪ. ಈಗ ಯಾರಿಗೂ ಲಾಗಿನ್ ಆಗ್ತಿಲ್ಲ. ನಾವು ಹಾಕಿದ ವೋಟೆಲ್ಲ ಹೋದ್ವೇನ್ಲಾ?"

"ಯೋಚ್ನೆ ಬುಡಿ ಸಾ, ನಾನಿಲ್ವಾ?"

ಒಳಹೊಕ್ಕು ನೋಡಿದ. ಮತಗಳು ಭದ್ರವಾಗಿದ್ದವು: ಅತಿಯಾಳ 'ನಾನಿಯ ಹುಂಜ'ಕ್ಕೆ ಇಪ್ಪತ್ತಾರು, ಅವನಿಗೆ ಯಥಾಪ್ರಕಾರ ಒಂದು. ಕಾಯಿಲೆಯೂ ಸಿಕ್ಕಿತು. ಬ್ಲಾಗು ಶುರುವಾದ ದಿನ ಶಿರಾ ಬಸ್ ಸ್ಟ್ಯಾಂಡಿನ ಅಸ್ಲಂನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಎಲ್ಲರೂ ಹೆಸರು ನೋಂದಾಯಿಸಿದ್ದರು. ಇಮೇಲ್ ಎಂದು ಕೇಳಿದಲ್ಲಿ, ಪಿಂಚಣಿಯಿಂದ ಪರೀಕ್ಷೆಯವರೆಗೆ ಎಲ್ಲ ಅರ್ಜಿಗೂ ಮಾಡುವಂತೆ, ಅಂಗಡಿಯ ವಿಳಾಸವನ್ನೇ ಕೊಟ್ಟಿದ್ದರು. ಹಳೆಯ ತಂತ್ರಾಂಶ ತಕರಾರು ತೆಗೆದಿರಲಿಲ್ಲ. ಹೊಸದು ಒಬ್ಬೊಬ್ಬರಿಗೂ ಬೇರೆ ವಿಳಾಸ ಬೇಕೆಂದು ಹಟ ಹಿಡಿದು ಅಷ್ಟೂ ಜನರನ್ನು ಬಾಗಿಲಾಚೆ ನಿಲ್ಲಿಸಿತ್ತು.

ಸುನಿಲ ಅಂಗಡಿಯ ವಿಳಾಸಕ್ಕೇ ಒಂದು, ಎರಡು, ಮೂರು ಎಂದು ಬಾಲ ಅಂಟಿಸುತ್ತಾ ಹೋದ. ತಂತ್ರಾಂಶದ ಕಣ್ಣಿಗೆ ಮೂವತ್ತು ವಿಳಾಸ. ಟಪಾಲು ಬೀಳುವುದು ಮಾತ್ರ ಅದೇ ಒಂದು ಪೆಟ್ಟಿಗೆಗೆ. ತನ್ನ ಜಾಣತನಕ್ಕೆ ತಾನೇ ತಲೆದೂಗಿ ಎಲ್ಲರಿಗೂ ಹೊಸ ಪಾಸ್‌ವರ್ಡ್ ಇಟ್ಟ. ಆ ಮಧ್ಯಾಹ್ನದ ಮಟ್ಟಿಗೆ ಮೂವತ್ತು ಜನವೂ ಅವನೇ.

ಭಾನುವಾರದವರೆಗೆ ಮತ ಬದಲಿಸಲು ಅವಕಾಶವಿತ್ತು. ಯಾರಿಗೆ ಹಾಕಿದ್ದೆಂಬುದು ಹಾಕಿದವರ ಪರದೆಯಲ್ಲೂ ಕಾಣುತ್ತಿರಲಿಲ್ಲ. ಬರೀ 'ಮತ ಹಾಕಿದ್ದೀರಿ' ಎಂದಿರುತ್ತಿತ್ತು. ಅವನು ಬ್ಲಾಗಿನ ಹಿರಿಯ ಲೇಖಕಿ ರಾಜಲಕ್ಷ್ಮಮ್ಮನಾಗಿ ಒಳಹೊಕ್ಕು ಮನಸ್ಸು ಬದಲಿಸಿದ. ಪಾವಗಡದ ಕ್ಯಾತಪ್ಪನಾಗಿ ಬದಲಿಸಿದ. ದುರಾಸೆ ಪಡಲಿಲ್ಲ. ಹದಿನೇಳು ಸಾಕು, ಅತಿಯಾಳಿಗೆ ಮರ್ಯಾದೆಗೆಂದು ಒಂಬತ್ತು ಉಳಿಸಿದ. ಮೇಷ್ಟ್ರ ಹೆಸರು ಬಂತು. ಉಪ್ಪಿನ ಮಾತು ನೆನಪಾಯಿತು. ಒತ್ತಿದ.

ಎರಡು ಸಲ ಎಣಿಸಿದ, ಮೂರು ಸಲ ಹೆಜ್ಜೆಗುರುತು ಅಳಿಸಿದ. ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೊಸ ಪಾಸ್‌ವರ್ಡ್ ಬರೆಸಿದ.

"ನಿನ್ನ ವೊಟ್ಟೆ ತಣ್ಣಗಿರ್ಲಿ ಕಣಪ್ಪ," ಎಂದರು ರಾಜಲಕ್ಷ್ಮಮ್ಮ.

ಭಾನುವಾರ ಶಿರಾದಲ್ಲಿ ಸಭೆ. ಹೊಸ ಅಂಗಿ ತೊಟ್ಟು ಸುನಿಲ ಮುಂದಿನ ಸಾಲಿನಲ್ಲಿ ಕೂತ. "'ಶೂನ್ಯದ ಶಿಖರ', ಹದಿನೆಂಟು ಮತ," ಎಂದು ಓದಿದ ಮೇಷ್ಟ್ರು ಅದನ್ನೇ ಇನ್ನೊಮ್ಮೆ ಓದಿಕೊಂಡರು. ಸುನಿಲ ಎದ್ದು, ಮೂರು ದಿನ ಅಭ್ಯಾಸ ಮಾಡಿದ ವಿನಯದಿಂದ ಕೈ ಮುಗಿದ. "ಇದು ನನ್ನ ಗೆಲುವಲ್ಲ. ಒಬ್ಬೊಬ್ಬರೂ ಮನಸ್ಸಾರೆ ಕೊಟ್ಟ ಗೆಲುವು."

ಚಪ್ಪಾಳೆ ಬರಲಿಲ್ಲ. ಕಾಗದ ಬಿಚ್ಚುವ ಸದ್ದು ಬಂತು. ಬಾಗಿಲಲ್ಲಿ ಅಸ್ಲಂ ನಿಂತಿದ್ದ. ತನ್ನ ಪೆಟ್ಟಿಗೆಗೆ ಯಾರ ಹೆಸರಿಗೆ ಏನೇ ಬಂದರೂ ಮುದ್ರಿಸಿ, ಮಡಿಸಿ, ಅವರವರ ಕೈಗೇ ಮುಟ್ಟಿಸುವುದು ಅವನ ಹಳೆಯ ಪದ್ಧತಿ. ಈ ವಾರ ಬ್ಲಾಗಿನಿಂದ ಹದಿನೇಳು ಬಂದಿದ್ದವು, ಈಗಷ್ಟೇ ಹಂಚಿ ಮುಗಿಸಿದ್ದ. ರಾಜಲಕ್ಷ್ಮಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಗುರುವಾರ ಮಧ್ಯಾಹ್ನ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ನಿಮ್ಮ ಮತವನ್ನು 'ನಾನಿಯ ಹುಂಜ'ದಿಂದ 'ಶೂನ್ಯದ ಶಿಖರ'ಕ್ಕೆ ಬದಲಿಸಿದ್ದೀರಿ. ಧನ್ಯವಾದಗಳು." ಮೇಷ್ಟ್ರು ತಮ್ಮ ಕಾಗದವನ್ನು ನಿಧಾನಕ್ಕೆ ಓದಿ ಮುಗಿಸಿ, ಮತ್ತೆ ಮಡಿಸಿ, ಸುನಿಲನ ಮುಖ ನೋಡಿದರು. "ಈ ಕತೇಲಿ ಉಪ್ಪೈತೆ ಕಣಯ್ಯ."