ಎಂಟು ಕೈಯಲ್ಲಿ ಏನಿತ್ತು?

"ಹೊಗೆ! ಹೊಗೆ! ಎಲ್ಲಾ ಕೆಳಗಿಳೀರಿ!"

ವಾಚ್‌ಮನ್ ಸೀಟಿ ಊದಿದ್ದೇ ಊದಿದ್ದು. ನೆಲಮಹಡಿಯ ಬೇಕರಿಯಿಂದ ಕಪ್ಪು ಹೊಗೆ ಬುಸುಬುಸು ಏಳುತ್ತಿತ್ತು.

ಮೂರನೇ ಮಹಡಿಯಿಂದ ಚೂಟಿ ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಎದೆಗೆ ಅವುಚಿಕೊಂಡಿದ್ದದ್ದು ಹೊಸ ಶೂಗಳ ಡಬ್ಬ. ಬಿಳಿ ಶೂ, ಕೆಂಪು ಲೇಸ್. ನಾಳೆ ಸ್ಕೂಲಿನಲ್ಲಿ ಓಟದ ಪಂದ್ಯ. ಕೊಳೆಯಾದೀತೆಂದು ಇದುವರೆಗೆ ಅವನ್ನು ಹಾಕಿಕೊಂಡು ನಡೆದದ್ದು ಹಾಸಿಗೆಯ ಮೇಲೆ ಮಾತ್ರ!

ಬೀದಿ ತುಂಬ ಜನ. ಅಪ್ಪ ಟೀವಿ ಹೊತ್ತು ಏದುಸಿರು ಬಿಡುತ್ತಿದ್ದ. ಮನೆಯಲ್ಲೇ ಬಟ್ಟೆ ಹೊಲಿಯುವ ಅಮ್ಮನ ಹೆಗಲ ಮೇಲೆ ಗಿರಾಕಿಯ ಅರ್ಧ ಹೊಲಿದ ಕೋಟು. ಅದರ ಒಂದು ತೋಳು ಗಾಳಿಗೆ ಟಾಟಾ ಮಾಡುತ್ತಿತ್ತು. ಚಿಕ್ಕಪ್ಪನ ಕೈಯಲ್ಲಿ ರಿಮೋಟ್.

"ಅದೊಂದೇ ತಂದ್ಯೇನೋ ಮಹಾರಾಯ?" ಅಂದ ಅಪ್ಪ.

"ಟೀವಿ ನೀನು ತಂದ್ಯಲ್ಲಣ್ಣ. ಚಾನೆಲ್ ಬದಲಾಯಿಸೋದು ಬೇಡ್ವಾ?"

ಚೂಟಿ ಕಿಸಕ್ಕನೆ ನಕ್ಕಳು. ಮರುಗಳಿಗೆಯೇ ಸುತ್ತಮುತ್ತ ಹುಡುಕಿ ನೋಡಿದಳು.

"ಅಜ್ಜಿ ಎಲ್ಲಿ?"

ಅಪ್ಪ ಅಮ್ಮನತ್ತ ತಿರುಗಿದ. "ನೀನು ಕರ್ಕೊಂಡು ಬರಲಿಲ್ವಾ?"

"ನೀವು ಕರ್ಕೊಂಡು ಬಂದ್ರಿ ಅಂದ್ಕೊಂಡೆ!"

ಇಬ್ಬರೂ ಚಿಕ್ಕಪ್ಪನನ್ನು ನೋಡಿದರು. ಚಿಕ್ಕಪ್ಪ ರಿಮೋಟನ್ನು ನೋಡಿದ.

ನಾಲ್ಕು ಜನ. ಎಂಟು ಕೈ. ಒಂದರಲ್ಲೂ ಅಜ್ಜಿಯ ಕೈ ಇರಲಿಲ್ಲ.

ಅಜ್ಜಿ ಕಿವಿಯ ಮೆಷಿನ್ ತೆಗೆದಿಟ್ಟು ಮಲಗಿದ್ದಳು. ಸೀಟಿ ಎಲ್ಲಿಂದ ಕೇಳಬೇಕು?

ಅಪ್ಪ ಟೀವಿಯನ್ನು ಧಡ್ ಎಂದು ಇಳಿಸಿ ಓಡಿದ. ಅವನಿಗಿಂತ ಮುಂದೆ ಚೂಟಿ. ವಾಚ್‌ಮನ್ ಅವಳ ರಟ್ಟೆ ಹಿಡಿದ.

"ನೀನೆಲ್ಲಿಗೆ ಹೊರಟೆ, ಗುಬ್ಬಚ್ಚಿ?"

"ಬಿಡಿ ಅಂಕಲ್! ನಮ್ಮಜ್ಜಿಗೆ ಕಿವಿ ಕೇಳಲ್ಲ!"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಟಕ್... ಟಕ್... ಕೋಲಿನ ಸದ್ದು. ಮೂಗಿಗೆ ಟವೆಲ್ ಒತ್ತಿಕೊಂಡು ಅಜ್ಜಿ ತಾನೇ ಇಳಿದು ಬಂದಳು.

"ಕಿವಿ ಕೇಳದಿದ್ರೇನಂತೆ? ಮೂಗಿಗೇನು ದಾಡಿ?" ಎಂದು ಎಲ್ಲರ ಮುಖ ನೋಡಿ ಕೆಮ್ಮಿದಳು.

ಅಪ್ಪ ತಲೆ ಎತ್ತಲಿಲ್ಲ.

ಅಜ್ಜಿ ಕಂಕುಳಿನಿಂದ ಏನನ್ನೋ ತೆಗೆದು ನೆಲಕ್ಕೆ ಹಾಕಿದಳು. ಚೂಟಿಯ ಹಳೇ ಚಪ್ಪಲಿ! ಉಂಗುಟ ಕಿತ್ತು ಪಿನ್ ಹಾಕಿದ್ದ ಚಪ್ಪಲಿ.

"ಬಾಗಿಲಲ್ಲೇ ಬಿದ್ದಿತ್ತು. ಬರಿಗಾಲಲ್ಲಿ ಓಡಿದ್ದೀಯಲ್ಲೇ ಕತ್ತೆ! ಗಾಜುಗೀಜು ಚುಚ್ಚಿದ್ರೆ ನಾಳೆ ಹೆಂಗೆ ಓಡ್ತೀಯ?"

ಚೂಟಿ ಕೆಳಗೆ ನೋಡಿದಳು. ಹೌದು, ಬರಿಗಾಲು. ಶೂಗಳು ಮಾತ್ರ ಡಬ್ಬದೊಳಗೆ ಬೆಚ್ಚಗಿದ್ದವು.

ಆಗ ಬೇಕರಿಯವನು ಹೊರಗೆ ಬಂದ. ಕೈಯಲ್ಲಿ ಇದ್ದಿಲಿನಂಥ ಬ್ರೆಡ್ಡಿನ ಟ್ರೇ. "ಬೆಂಕಿ ಇಲ್ಲ ಸ್ವಾಮೀ! ಬ್ರೆಡ್ ಸೀದಿದ್ದು, ಅಷ್ಟೇ!"

ಬೀದಿಗೆ ಬೀದಿಯೇ ಅವನನ್ನು ಬೈದು, ಹೋ ಎಂದು ನಕ್ಕಿತು.

ಮೂರು ಮಹಡಿ ಇಳಿದಿದ್ದ ಅಜ್ಜಿ ಕೋಲಿಗೆ ಒರಗಿ ನಿಂತಳು. ಕೂರಲು ಒಂದು ಕಲ್ಲೂ ಇಲ್ಲ. ಚೂಟಿ ಚಪ್ಪಲಿ ಮೆಟ್ಟಿಕೊಂಡಳು. ಡಬ್ಬವನ್ನು ನೆಲದ ಮೇಲಿಟ್ಟು, ಕೂತ್ಕೋ ಎಂಬಂತೆ ತಟ್ಟಿದಳು.

"ಅಯ್ಯೋ, ಅದರಲ್ಲಿ ಹೊಸ ಶೂ ಕಣೇ!"

ಚೂಟಿ ಕೈ ಹಿಡಿದು ಕೂರಿಸಿಯೇ ಬಿಟ್ಟಳು.

ಡಬ್ಬ ಕರಕ್ ಎಂದಿತು. ಅಜ್ಜಿಗೆ ಕೇಳಿಸಲಿಲ್ಲ. ಚೂಟಿಗೆ ಕೇಳಿಸಿತು.

ಅವಳು ಅಜ್ಜಿಯ ಕೈ ಬಿಡಲಿಲ್ಲ.