ಹದ್ದಿನ ದನಿ

ಪ್ರದರ್ಶನ ಶುರುವಾಗಿ ಮೂರೇ ದಿನಕ್ಕೆ ಹನ್ನೊಂದು ಜನ ಒಂದೇ ದೂರು ಬರೆದಿದ್ದರು: ವೈರ್ ಅದಲು ಬದಲಾಗಿದೆ.

ಗಾಜಿನ ಪೆಟ್ಟಿಗೆಯೊಳಗೆ ಹೆಬ್ಬೆರಳಷ್ಟು ಉಲಿಹಕ್ಕಿ, ಅದರ ಪಕ್ಕ ರೆಕ್ಕೆ ಬಿಚ್ಚಿದ ಹದ್ದು. ಎರಡರ ಕೆಳಗೂ ಒಂದೊಂದು ಬಟನ್. ಸಣ್ಣದರದ್ದು ಒತ್ತಿದರೆ ಇಡೀ ಕೋಣೆ ತುಂಬುವ ಹಾಡು. ಹದ್ದಿನದ್ದು ಒತ್ತಿದರೆ, ಎಣ್ಣೆ ಕಾಣದ ಬಾಗಿಲಿನಂತೆ ಒಂದು ಕೀಚಲು. ಜನ ನಗುತ್ತಿದ್ದರು.

ವೈರ್ ಸರಿಯಾಗಿಯೇ ಇತ್ತು. ಬೆಟ್ಟದ ನೆತ್ತಿಯಲ್ಲಿ ನಾಲ್ಕು ದಿನ ಕಾದು ನಾನೇ ರೆಕಾರ್ಡ್ ಮಾಡಿದ ದನಿ ಅದು. ಹದ್ದು ಕೂಗುವುದೇ ಹಾಗೆ.

ಪೆಟ್ಟಿಗೆ ಮಾಡಿದವನು ನಮ್ಮ ಮ್ಯೂಸಿಯಮ್ಮಿನ ಬಡಗಿ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಂಥ ಆಳು. ಎರಡು ತಿಂಗಳು ಒಂದೇ ಕೋಣೆಯಲ್ಲಿ ಕೆಲಸ ಮಾಡಿದರೂ ನನ್ನೊಡನೆ ಒಂದು ಮಾತಾಡಿರಲಿಲ್ಲ. ಏನಿದ್ದರೂ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮರದ ಚೂರಿನ ಮೇಲೆ ಬರೆದು ಚಾಚುತ್ತಿದ್ದ. ‘ಸ್ಪೀಕರಿಗೆ ಎಷ್ಟು ಇಂಚು?’ ‘ಟೀ ಆರುತ್ತಿದೆ.’

ನಾನು ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಅವನ ಕಣ್ಣು ನನ್ನತ್ತ ಏಳುತ್ತಿತ್ತು. ಎದುರಿನ ಗಾಜಿನಲ್ಲಿ ಅದು ನನಗೆ ಕಾಣುತ್ತದೆಂದು, ಆ ಗಾಜು ಕೂರಿಸಿದವನಿಗೇ ಗೊತ್ತಿರಲಿಲ್ಲ.

“ಇವತ್ತಾದ್ರೂ ನಿನ್ನ ಬಡಗಿ ಬಾಯಿ ಬಿಟ್ನೇನೇ?” ಟಿಕೆಟ್ ಕೌಂಟರಿನಲ್ಲಿ ಕೂರುವ ಚಿಕ್ಕಮ್ಮ ದಿನಾ ಕೆಣಕುತ್ತಿದ್ದರು.

“ನನ್ನ ಬಡಗಿ ಏನಲ್ಲ. ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತೆ ಅವರಿಗೆ. ಜಂಬ!”

“ಮತ್ತೆ ಆ ಮರದ ಚೂರೆಲ್ಲ ಯಾಕೆ ಬ್ಯಾಗಲ್ಲಿ ತುಂಬ್ಕೊಂಡು ಬರ್ತೀಯ? ಒಲೆಗಾ?”

ನಾಲ್ಕನೆಯ ದಿನ ಮೇಲ್ವಿಚಾರಕರು ಫೋನ್ ಹಿಡಿದು ಬಂದರು. “ಸಿನಿಮಾದಲ್ಲಿ ಹದ್ದು ಹೇಗೆ ಕೂಗುತ್ತೆ ಕೇಳಮ್ಮ. ಎದೆ ಝಲ್ ಅನ್ಬೇಕು. ಇದನ್ನೇ ಹಾಕ್ಬಿಡು.”

“ಸರ್, ಅದು ಬೇರೆ ಹಕ್ಕಿದು.”

“ಯಾರಿಗೆ ಗೊತ್ತಾಗುತ್ತೆ? ಇಷ್ಟು ದೊಡ್ಡ ಜೀವಕ್ಕೆ ಈ ದನಿ ಅಂದ್ರೆ ನಗೆಪಾಟಲು.” ಮೂಲೆಯಲ್ಲಿದ್ದ ಬಡಗಿಯತ್ತ ತಿರುಗಿದರು. “ನೀನೇ ಹೇಳಪ್ಪ, ಸರಿ ಇದೆಯಾ ಇದು?”

ಅವನು ಪೆನ್ಸಿಲ್ ತೆಗೆದ. ಮರದ ಚೂರೊಂದನ್ನು ಎತ್ತಿಕೊಂಡ. ನನ್ನ ಮುಖ ನೋಡಿದ. ಆಮೇಲೆ ಎರಡನ್ನೂ ಬೆಂಚಿನ ಮೇಲಿಟ್ಟ.

“ಸರಿ ಇದೆ ಸರ್. ಅದರ ದನಿ ಅದೇ. ಬದಲಾಯಿಸ್ಬೇಡಿ.”

ಇನ್ನೂ ಒಡೆಯದ, ಎಳೆಯ ಹುಡುಗನ ದನಿ. ಹುಲ್ಲಿನ ಎಸಳಿನಷ್ಟು ತೆಳು.

ಮೇಲ್ವಿಚಾರಕರ ತುಟಿಗೆ ನಗು ಬಂದು, ನನ್ನ ಮುಖ ನೋಡಿ ಅಲ್ಲೇ ನಿಂತಿತು. “ಹಾಗಾದ್ರೆ... ಹದ್ದು ಹೀಗೇ ಕೂಗುತ್ತೆ ಅಂತ ಒಂದು ಬೋರ್ಡ್ ಹಾಕಿ,” ಎಂದು ಹೊರಟುಹೋದರು.

ಬಡಗಿಯ ಕಿವಿ ಕೆಂಪಾಗಿತ್ತು. “ನಗಿ, ಪರವಾಗಿಲ್ಲ. ಎಲ್ಲರೂ ನಗ್ತಾರೆ.”

“ಎರಡು ತಿಂಗಳಿಂದ ಜಂಬ ಅಂದ್ಕೊಂಡಿದ್ದೆ ಕಣ್ರೀ!”

“ನಿಮ್ಮ ಕೆಲಸಾನೇ ದನಿ ಕೇಳೋದು. ಅದಕ್ಕೇ ನಿಮ್ಮ ಮುಂದೆ ಇನ್ನೂ ಭಯ.”

ನಾನು ಹೆಡ್‌ಫೋನ್ ಹಾಕಿಕೊಂಡು, ಮೈಕನ್ನು ಅವನ ಮುಂದೆ ಹಿಡಿದೆ.

“ಏನ್ ಹೇಳ್ಲಿ?”

“ಚೂರಿನ ಮೇಲೆ ಬರೆಯೋಕಾಗದೆ ಉಳಿದಿದ್ದನ್ನ.”

ಅವನು ನಾಚಿ ಗಾಜಿನತ್ತ ಮುಖ ತಿರುಗಿಸಿದ. ಅಲ್ಲಿ ನಾನು ಅವನ ಕಣ್ಣನ್ನೇ ನೋಡುತ್ತ ನಗುತ್ತಿದ್ದೆ.

“ಅಯ್ಯೋ! ಇದ್ರಲ್ಲಿ ಎಲ್ಲ ಕಾಣ್ತಿತ್ತಾ?”

ಆ ರೆಕಾರ್ಡಿಂಗ್ ಶುರುವಾಗುವುದು ಈ ಮಾತಿನಿಂದ. ಅದರ ಮುಂದಿನದನ್ನು ನಾನು ಚಿಕ್ಕಮ್ಮನಿಗೂ ಕೇಳಿಸಿಲ್ಲ.